ಮೂವತ್ತು ಸೀಸೆ, ಎರಡು ಕೈ ಸಕ್ಕರೆ

ಕಳೆದ ಕ್ರಿಸ್‌ಮಸ್ಸಿನಲ್ಲಿ ಗಾರ್ಲೆಂಡ್ ರೈಡೌಟ್ ಒಂದು ಕೆಲಸ ಮಾಡಿದ್ದ. ಗ್ರೇ ಟಿಕಲ್ ಎಂಬ ಮೀನುಗಾರರ ದ್ವೀಪದಲ್ಲಿ ಅದುವರೆಗೆ ಯಾವ ಗಂಡಸೂ ಮಾಡದ ಕೆಲಸ. ಸ್ಟೂಲು ಹತ್ತಿ ಮುಂಬಾಗಿಲ ಮೇಲಿನ ಬಲ್ಬನ್ನು ಬಿಚ್ಚಿ, ಉಣ್ಣೆಯ ಕಾಲುಚೀಲವೊಂದರಲ್ಲಿ ಸುತ್ತಿ, ತನ್ನ ಸಲಕರಣೆಯ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟಿದ್ದ. ಕ್ರಿಸ್‌ಮಸ್ಸಿನ ಹನ್ನೆರಡು ದಿನ ಊರಿನವರು ಮುಖಕ್ಕೆ ಪರದೆ ಕಟ್ಟಿಕೊಂಡು, ಗಂಡಸರು ಹೆಂಗಸರ ಲಂಗ ತೊಟ್ಟು, ಹೆಂಗಸರು ಗಂಡಸರ ಬೂಟು ಮೆಟ್ಟಿ, ವೇಷ ಹಾಕಿ ಮನೆಮನೆಗೆ ಹೋಗುತ್ತಾರೆ. ಯಾರು ಯಾರೆಂದು ಮನೆಯವರು ಗುರುತು ಹಿಡಿಯಬೇಕು. ಗುರುತು ಸಿಕ್ಕವರು ಮುಖ ತೆರೆಯಬೇಕು. ಮುಖ ತೆರೆದವರಿಗೆ ಕುಡಿಯಲು ಕೊಡಬೇಕು. ಆದರೆ ಬಾಗಿಲಲ್ಲಿ ದೀಪ ಇಲ್ಲದ ಮನೆಗೆ ವೇಷದವರು ಹೋಗುವುದಿಲ್ಲ. ಸಾವಾದ ಮನೆ ಮಾತ್ರ ಹಾಗಿರುತ್ತದೆ.

ರೈಡೌಟರ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಸರ್ಕಾರ ಸಮುದ್ರವನ್ನು ಮುಚ್ಚಿತ್ತು, ಅಷ್ಟೆ. ಕಾಡ್ ಮೀನು ಉಳಿದಿಲ್ಲ, ಇನ್ನು ಯಾರೂ ಬಲೆ ಹಾಕಕೂಡದು ಎಂದು ಒಂದೂವರೆ ವರ್ಷದ ಹಿಂದೆ ರೇಡಿಯೋದಲ್ಲಿ ಹೇಳಿದರು. ಅಂದು ಸಂಜೆ ಗಾರ್ಲೆಂಡ್ ತನ್ನ ಹಳದಿ ಮಳೆಯಂಗಿಯನ್ನು ಬಾಗಿಲ ಹಿಂದಿನ ಮೊಳೆಗೆ ತಗಲಿಸಿದವನು ಮತ್ತೆ ಮುಟ್ಟಲಿಲ್ಲ. ಅಂಗಿಯ ಜೊತೆಗೆ ಮಾತನ್ನೂ ಅದೇ ಮೊಳೆಗೆ ತಗಲಿಸಿದಂತಿತ್ತು. ಸರ್ಕಾರದ ಚೆಕ್ಕು ಬರುತ್ತಿತ್ತು, ಅಡುಗೆಮನೆ ನಡೆಯುತ್ತಿತ್ತು. ಆದರೆ ಬಂದವರಿಗೆಲ್ಲ ಅಂಗಡಿಯ ಬಿಯರ್ ಕೊಡುವಷ್ಟು ಕೈ ಉದ್ದವಿರಲಿಲ್ಲ. ಕೊಡಲು ಆಗದಿದ್ದರೆ ಬಾಗಿಲನ್ನೇ ತೆರೆಯಬಾರದು ಎಂಬುದು ಅವನ ನ್ಯಾಯ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಇನ್ನೊಬ್ಬರ ಮನೆಗೂ ಅವನು ಹೋಗಲಿಲ್ಲ. ಅಲ್ಲಿ ಕುಡಿದರೆ ಅವರನ್ನು ಇಲ್ಲಿಗೆ ಕರೆಯಬೇಕಾಗುತ್ತದೆ.

ಅವನ ಹೆಂಡತಿ ಮೆಲ್ವೀನಾ ಇದನ್ನೆಲ್ಲ ಒಂದು ವರ್ಷ ಸಹಿಸಿಕೊಂಡಳು. ಎರಡನೆಯ ವರ್ಷದ ನವೆಂಬರಿನಲ್ಲಿ ಅಂಗಡಿಯ ಮುಂದೆ ಬ್ಲಾಂಚ್ ಸ್ನೂಕ್ ಅವಳ ತೋಳು ಹಿಡಿದು ನಿಲ್ಲಿಸಿದಳು.

"ಟಿಕೆಟ್ ತಗೊಂಡ್ವಿ ಕಣೇ," ಅಂದಳು ಬ್ಲಾಂಚ್. "ಜನವರಿ ಏಳನೇ ತಾರೀಕು. ಒಂಟಾರಿಯೋಗೆ, ಮಗನ ಹತ್ರ. ಅಲ್ಲಿ ಕೋಳಿ ಕೊಯ್ಯೋ ಕಾರ್ಖಾನೇಲಿ ಸೆಲ್ಬಿಗೆ ಕೆಲಸ ಸಿಕ್ಕಿದೆ."

ಸೆಲ್ಬಿ ಸ್ನೂಕ್ ಅಂದರೆ ಬ್ಲಾಂಚಳ ಗಂಡ. ಗಾರ್ಲೆಂಡನ ದೋಣಿಯಲ್ಲಿ ಇಪ್ಪತ್ತಾರು ವರ್ಷ ಅವನ ಎದುರು ಕೂತು ಬಲೆ ಎಳೆದವನು. ಎರಡು ಮನೆಗಳ ನಡುವೆ ಒಂದು ಬೇಲಿ, ಒಂದು ಸೌದೆ ರಾಶಿ. ಆದರೂ ಇಬ್ಬರೂ ಮುಖ ಕೊಟ್ಟು ಮಾತಾಡಿ ವರ್ಷದ ಮೇಲಾಗಿತ್ತು. ಜಗಳ ಇಲ್ಲ, ಬೈಗುಳ ಇಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತು.

"ಬಂದು ಗಾರ್ಲೆಂಡ್‌ಗೆ ಹೇಳಬಾರದಾ ಸೆಲ್ಬಿ?" ಮೆಲ್ವೀನಾ ಕೇಳಿದಳು.

"ನಾನೂ ಅದನ್ನೇ ಬಡ್ಕೊಂಡೆ. ಕತ್ತಲೆ ಬಾಗಿಲನ್ನ ಹೇಗೆ ತಟ್ಟಲಿ ಅಂತಾನೆ. ನೀನೂ ಹೇಳೋಕೆ ಹೋಗಬೇಡ. ಹೇಳಿದ್ರೆ ತನ್ನ ಬಾಯಿಂದಲೇ ಹೇಳಬೇಕಂತೆ."

ಮೆಲ್ವೀನಾ ದಾರಿಯುದ್ದಕ್ಕೂ ಯೋಚಿಸುತ್ತ ಮನೆಗೆ ಬಂದಳು. ಬಲ್ಬು ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಆದರೆ ಅವನು ತೆಗೆದದ್ದನ್ನು ಅವಳು ಹಾಕಿದರೆ ಅದು ಬರೀ ಬೆಳಕಾಗುತ್ತದೆ, ಕರೆ ಆಗುವುದಿಲ್ಲ. ಅವನೇ ಹಾಕಬೇಕು. ಅವನ ಕೈಲಿರುವುದು ಒಂದೇ ನೆಪ: ಕೊಡಲು ಏನೂ ಇಲ್ಲ. ಆ ನೆಪವನ್ನು ಕಿತ್ತುಕೊಂಡರೆ ಉಳಿದದ್ದು ನೋಡೋಣ ಅಂದುಕೊಂಡಳು.

ಅಂಗಡಿಯವನ ಹೆಂಡತಿಗೆ ಎರಡು ಜೊತೆ ಕೈಗವಸು ಹೆಣೆದುಕೊಟ್ಟು, ಅದರ ಬದಲಿಗೆ, ಮನೆಯಲ್ಲೇ ಬಿಯರ್ ಮಾಡಲೆಂದು, ಒಂದು ಡಬ್ಬಿ ಮಾಲ್ಟ್ ಪಾಕ ತಂದಳು. ಸರಿಯಾದ ಬಿಯರಿಗೆ ಎರಡು ಡಬ್ಬಿ ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಷ್ಟೆ. ಅವಳು ಅರ್ಧ ಬಕೆಟ್ಟಿಗೇ ಲೆಕ್ಕ ಹಾಕಿದಳು. ಬೆಟ್ಟದ ಮೇಲೆ ಸೂಜಿಯೆಲೆಯ ಸ್ಪ್ರೂಸ್ ಮರ ಬೇಕಾದಷ್ಟಿತ್ತು, ಅದಕ್ಕೆ ಯಾರೂ ಬೆಲೆ ಕೇಳುವುದಿಲ್ಲ. ಎಳೆಯ ಕೊಂಬೆಗಳನ್ನು ಮುರಿದು ತಂದು ದೊಡ್ಡ ಪಾತ್ರೆಯಲ್ಲಿ ಕುದಿಸಿದಳು. ಮನೆಯೆಲ್ಲ ಕಾಡಿನ ವಾಸನೆ. ಅದನ್ನು ಸೋಸಿ, ಪಾಕ ಸುರಿದು, ಡಬ್ಬಿಯ ತಳದಲ್ಲಿ ಉಳಿದದ್ದನ್ನು ಬಿಸಿನೀರು ಹಾಕಿ ಅಲುಗಿಸಿ ಅದನ್ನೂ ಸುರಿದು, ಎರಡು ಲೋಟ ಕಾಕಂಬಿ ಸೇರಿಸಿದಳು. ಉಪ್ಪು ಮಾಂಸ ಬರುವ ಪ್ಲಾಸ್ಟಿಕ್ ಬಕೆಟ್ಟನ್ನು ಮೂರು ದಿನ ಸೋಡಾ ಹಾಕಿ ಉಜ್ಜಿ, ಅಂಗಳದ ಹಿಮದಲ್ಲಿ ಬೋರಲು ಹಾಕಿ ಇಟ್ಟಿದ್ದಳು. ಮೂಗನ್ನು ಒಳಗೇ ತೂರಿಸಿ ಮೂಸಿದರೂ ಮಾಂಸದ ವಾಸನೆ ಬರಲಿಲ್ಲ. ಮಿಶ್ರಣ ಉಗುರುಬೆಚ್ಚಗಾದಾಗ ಯೀಸ್ಟ್ ಉದುರಿಸಿ, ಬಾಯಿಗೆ ಬಟ್ಟೆ ಕಟ್ಟಿ, ಒಲೆಯ ಪಕ್ಕ ಇಟ್ಟು, ಗಾರ್ಲೆಂಡನ ಹಳೆಯ ಸ್ವೆಟರನ್ನು ಬಕೆಟ್ಟಿಗೆ ತೊಡಿಸಿದಳು.

ಗಾರ್ಲೆಂಡ್ ಕುರ್ಚಿಯಿಂದ ಎಲ್ಲವನ್ನೂ ನೋಡಿದ.

"ಯಾರಿಗೆ ಇದು?"

"ಬರೋರಿಗೆ."

"ಯಾರೂ ಬರಲ್ಲ. ಬಲ್ಬಿಲ್ಲ."

"ಬರದಿದ್ರೆ ನಾನೊಬ್ಬಳೇ ಕುಡೀತೀನಿ. ಕುಡಿದು ಮೇಜಿನ ಮೇಲೆ ಹತ್ತಿ ಕುಣೀತೀನಿ. ನೀನು ಕೂತ್ಕೊಂಡು ನೋಡು."

ಅವನು ನಗಲಿಲ್ಲ. ಆದರೆ ಅಂದಿನಿಂದ ಅವನ ಕುರ್ಚಿ ಕಿಟಕಿಯ ಕಡೆಯಿಂದ ಒಲೆಯ ಕಡೆಗೆ ಸ್ವಲ್ಪ ತಿರುಗಿದ್ದನ್ನು ಅವಳು ಗಮನಿಸಿದಳು. ಬಕೆಟ್ಟು ಗುಳುಗುಳು ಅನ್ನುತ್ತಿತ್ತು. ಮಾತಿಲ್ಲದ ಮನೆಯಲ್ಲಿ ಅಷ್ಟು ಸದ್ದೂ ಒಂದು ಜೀವದಂತೆ ಇತ್ತು. ಹತ್ತು ದಿನಕ್ಕೆ ಗುಳುಗುಳು ನಿಂತಿತು. ಸೀಸೆಗೆ ತುಂಬುವ ಹೊತ್ತು ಬಂತು.

ತುಂಬುವಾಗ ಮತ್ತೊಂದಿಷ್ಟು ಸಕ್ಕರೆ ಹಾಕಬೇಕು. ಮುಚ್ಚಿದ ಸೀಸೆಯೊಳಗೆ ಯೀಸ್ಟ್ ಆ ಸಕ್ಕರೆಯನ್ನು ತಿಂದರೇ ಬಿಯರಿಗೆ ನೊರೆ. ಈ ಸಕ್ಕರೆ ಹಾಕುವ ರೀತಿ ಮಾತ್ರ ಮನೆಗೊಂದು. ಮೆಲ್ವೀನಾಳ ತಾಯಿ ಸಕ್ಕರೆಯನ್ನು ನೀರಲ್ಲಿ ಕಾಯಿಸಿ ಇಡೀ ಬಕೆಟ್ಟಿಗೆ ಸುರಿದು ಕಲಕುತ್ತಿದ್ದಳು. ಸೀಸೆ ಸೀಸೆಗೆ ಸಕ್ಕರೆ ಹಾಕುವವರು ಒಂದಕ್ಕಾದರೂ ಮರೆಯುತ್ತಾರೆ ಎನ್ನುವುದು ಅವಳ ವಾದ. ಮೆಲ್ವೀನಾ ಬೆಳಗ್ಗೆ ಗಾರ್ಲೆಂಡ್ ಏಳುವ ಮೊದಲೇ ತಾಯಿಯ ಹಾಗೆ ಪಾಕ ಮಾಡಿ ಬಕೆಟ್ಟಿಗೆ ಸುರಿದಳು. ಊರಲ್ಲಿ ಬೇಡಿ ತಂದಿದ್ದ ಮೂವತ್ತು ಕಂದು ಸೀಸೆಗಳನ್ನು ತೊಳೆದು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದಳು. ಆಮೇಲೆ ಮುಚ್ಚಳ ಒತ್ತುವ ಸಲಕರಣೆಯನ್ನು ಬ್ಲಾಂಚಳಿಂದ ಎರವಲು ತರಲು ಹೋದಳು. ಹೆಂಗಸರು ಇಬ್ಬರು ಸೇರಿದ ಮೇಲೆ ಅರ್ಧ ಗಂಟೆಯಾಯಿತು ಎಂದು ಬೇರೆ ಹೇಳಬೇಕಿಲ್ಲ.

ತಿರುಗಿ ಬಂದಾಗ ಗಾರ್ಲೆಂಡ್ ಅದೇ ಕುರ್ಚಿಯಲ್ಲಿ ಅದೇ ಭಂಗಿಯಲ್ಲಿ ಕೂತಿದ್ದ. ಅವಳು ಒಂದೊಂದೇ ಸೀಸೆ ತುಂಬಿದಳು. ಪ್ರತಿಯೊಂದರಲ್ಲೂ ನೊರೆ ಬಾಯಿಯವರೆಗೆ ಉಕ್ಕಿ ಬಂತು. ಒಳ್ಳೆಯ ಲಕ್ಷಣ ಅಂದುಕೊಂಡು ಮುಚ್ಚಳ ಒತ್ತಿದಳು. ಮೂವತ್ತನ್ನೂ ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಒಲೆಯ ಬಿಸಿ ತಾಗುವ ಗೋಡೆಗೆ ಒರಗಿಸಿ ಇಟ್ಟಳು.

ಅದಾದ ಮೇಲೆ ಅವಳಿಗೆ ಬೇಸರವಾಗುವ ಒಂದು ಸಂಗತಿ ನಡೆಯಿತು. ಗಾರ್ಲೆಂಡ್ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟ. ಮೂರು ಚಮಚಕ್ಕೆ ಕಡಿಮೆ ಇಲ್ಲದೆ ಕುಡಿಯುತ್ತಿದ್ದವನು ಸಪ್ಪೆ ಚಹಾವನ್ನು ಗಟಗಟ ಕುಡಿದು ಲೋಟ ಇಡತೊಡಗಿದ.

"ಸಕ್ಕರೆ?" ಎಂದು ಅವಳು ಡಬ್ಬಿ ಮುಂದೆ ತಳ್ಳಿದರೆ, "ಬೇಡ, ಹೀಗೇ ಸರಿ," ಎನ್ನುತ್ತಿದ್ದ.

ಡಬ್ಬಿಯಲ್ಲಿ ಸಕ್ಕರೆಯೂ ತಳ ಕಂಡಿತ್ತು. ಪಾಕಕ್ಕೆ ತಾನೇ ಹೆಚ್ಚು ಸುರಿದೆನೇನೋ ಎಂದು ಅವಳು ನೊಂದುಕೊಂಡಳು. ಮಾತು ಹೋಯಿತು, ದೀಪ ಹೋಯಿತು, ಈಗ ಚಹಾದ ಸಿಹಿಯೂ ಬೇಡವಾಯಿತು ಈ ಮನುಷ್ಯನಿಗೆ. ಈ ಬಿಯರ್ ಯಾವ ಪುರುಷಾರ್ಥಕ್ಕೆ ಮಾಡಿದೆ ಎಂದು ಒಂದು ಸಂಜೆ ಪಾತ್ರೆ ತೊಳೆಯುವಾಗ ಅವಳ ಕಣ್ಣು ತುಂಬಿತು. ಅವನಿಗೆ ಕಾಣದ ಹಾಗೆ ಒರೆಸಿಕೊಂಡಳು.

ಕ್ರಿಸ್‌ಮಸ್ ಬಂತು. ಮಾರನೆಯ ದಿನದಿಂದ ವೇಷದವರ ಓಡಾಟ. ಆ ಮೊದಲ ಸಂಜೆ ಊಟ ಮುಗಿದು ಆರು ಗಂಟೆಯಾಗಿತ್ತು. ಹೊರಗೆ ಯಾರದೋ ಅಕಾರ್ಡಿಯನ್ ಸದ್ದು, ನಗು. ಮೆಲ್ವೀನಾ ಕೈ ಒರೆಸಿಕೊಂಡು ಗಂಡನ ಎದುರು ಬಂದು ನಿಂತಳು. ಹೇಳಬೇಕಾದ ಮಾತನ್ನು ಒಂದು ತಿಂಗಳಿಂದ ಜೋಡಿಸಿ ಇಟ್ಟುಕೊಂಡಿದ್ದಳು.

"ಗಾರ್ಲೆಂಡ್, ಈಗ ಕೊಡೋಕೆ ಮೂವತ್ತು ಸೀಸೆ ಇದೆ. ಎದ್ದು ಆ ಬಲ್ಬು..."

ಢಮ್ ಎಂದಿತು ಮೆಟ್ಟಿಲ ಕೆಳಗೆ.

ಗಾಜು ಚೂರುಚೂರಾಗಿ ಉದುರುವ ಸದ್ದು. ಮತ್ತೊಮ್ಮೆ ಢಮ್. ಗೂಡಿನ ಬಾಗಿಲ ಸಂದಿಯಿಂದ ನೊರೆ ಹರಿದು ಬಂದು ಮೆಲ್ವೀನಾಳ ಚಪ್ಪಲಿಯನ್ನು ಮುಟ್ಟಿತು.

"ಅಯ್ಯೋ, ನನ್ನ ಬಿಯರು," ಅಂದವಳೇ ಅವಳು ಅಲ್ಲೇ ಕುಸಿದು ಕೂತಳು. "ಸರಿಯಾಗೇ ಹಾಕಿದ್ದೆ ಕಣೋ ಸಕ್ಕರೆ. ಅಮ್ಮ ಹೇಳಿದ ಅಳತೇನೇ. ಎಲ್ಲಾ ಹಾಳಾಯ್ತು."

ಗಾರ್ಲೆಂಡನ ಮುಖ ಒಂಥರಾ ಆಯಿತು. "ಎಲ್ಲಿಗೆ ಹಾಕಿದ್ದೆ?"

"ಎಲ್ಲಿಗೆ ಅಂದ್ರೆ? ಬಕೆಟ್‌ಗೆ."

"ಬಕೆಟ್‌ಗಾ?" ಅವನು ತಲೆಯ ಮೇಲೆ ಕೈಯಿಟ್ಟುಕೊಂಡ. "ನಾನೂ ಹಾಕಿದೆ."

"ನೀನು ಎಲ್ಲಿಗೆ ಹಾಕಿದೆ?"

"ಸೀಸೆಗೆ. ನಮ್ಮಪ್ಪ ಹಾಕ್ತಿದ್ದ ಹಾಗೆ, ಒಂದೊಂದಕ್ಕೆ ಒಂದು ಚಮಚ. ನೀನು ಬ್ಲಾಂಚ್ ಮನೆಗೆ ಹೋಗಿದ್ದೆ. ಸೀಸೆ ಎಲ್ಲಾ ಖಾಲಿ ನಿಂತಿತ್ತು, ಪಕ್ಕದಲ್ಲಿ ಸಕ್ಕರೆ ಡಬ್ಬಿ ಇರಲಿಲ್ಲ. ಮರೆತಿದ್ದಾಳೆ, ಪಾಪ, ಇಷ್ಟು ಕಷ್ಟಪಟ್ಟು ಮಾಡಿ ಕೊನೆಗೆ ನೊರೆ ಇಲ್ಲದೆ ಹೋದ್ರೆ ಅಳ್ತಾಳೆ ಅನ್ನಿಸ್ತು."

"ಹೇಳೋದಕ್ಕೆ ಏನಾಗಿತ್ತು ನಿನಗೆ?"

"ಬೇಡ ಬೇಡ ಅಂತ ಕೂತಿದ್ದೋನು ಯಾವ ಮುಖ ಇಟ್ಕೊಂಡು ಹೇಳಲಿ?"

ಮೆಲ್ವೀನಾ ಅವನನ್ನೇ ನೋಡಿದಳು. "ಅದಕ್ಕೇನಾ ಎರಡು ವಾರದಿಂದ ಸಪ್ಪೆ ಚಹಾ ಕುಡಿದದ್ದು?"

ಆ ಎರಡು ವಾರದ ಸಪ್ಪೆ ಚಹಾವೆಲ್ಲ ಒಮ್ಮೆಲೇ ಅವಳ ಎದೆಗೆ ಬಂದು ತುಂಬಿತು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಅಷ್ಟರಲ್ಲಿ ಮೂರನೆಯ ಸೀಸೆ ಒಡೆಯಿತು.

"ಚಳೀಲಿ ಇಟ್ರೆ ಉಳೀತಾವೆ," ಅಂದ ಗಾರ್ಲೆಂಡ್, ಎದ್ದು ನಿಂತು. ಆ ದನಿಯನ್ನು ಅವಳು ಕೇಳಿ ಬಹಳ ದಿನವಾಗಿತ್ತು. ಗಾಳಿ ಎದ್ದಾಗ ದೋಣಿಯಲ್ಲಿ ಆಡುವ ದನಿ ಅದು. "ಒಂದೊಂದಾಗಿ ಹಿಮದಲ್ಲಿ ಹೂಳಬೇಕು. ಹಳೇ ಕೌದಿ ಕೊಡು. ನೀನು ಗೂಡಿನ ಹತ್ರ ಬರಬೇಡ, ಗಾಜು ಸಿಡೀತದೆ. ಬಾಗಿಲು ಹಿಡ್ಕೊ, ಸಾಕು."

ಹೇಳುತ್ತಲೇ ಮೊಳೆಯಿಂದ ಹಳದಿ ಮಳೆಯಂಗಿ ತೆಗೆದು ತೊಟ್ಟ. ಕೈಗೆ ದೋಣಿಯ ದಪ್ಪ ಕೈಗವಸು, ಕಣ್ಣಿಗೆ ಮರ ಕೊಯ್ಯುವಾಗಿನ ಕನ್ನಡಕ, ಮುಖದ ಸುತ್ತ ಮೆಲ್ವೀನಾಳ ಹೂವಿನ ಮಫ್ಲರು. ತಲೆಗೆ ಏನೂ ಸಿಗದೆ ಆಲೂಗಡ್ಡೆ ಬೇಯಿಸುವ ಪಾತ್ರೆಯನ್ನು ಬೋರಲು ಹಾಕಿಕೊಂಡ. ಆ ಅಂಗಿಯನ್ನು ಮತ್ತೆ ಅವನ ಮೈಮೇಲೆ ನೋಡಿ ಮೆಲ್ವೀನಾ ಅದರ ಕಾಲರನ್ನು ಸರಿಪಡಿಸಿದಳು, ಪಾತ್ರೆಯನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

ಅವನು ಒಂದೊಂದು ಸೀಸೆಯನ್ನೂ ಎಳೆಮಗುವನ್ನು ಎತ್ತಿಕೊಂಡಂತೆ ಕೌದಿಯಲ್ಲಿ ಸುತ್ತಿ, ಕತ್ತಲಲ್ಲಿ ಹೊರಗೆ ಒಯ್ದು, ಸೌದೆ ರಾಶಿಯ ಪಕ್ಕದ ಹಿಮದಲ್ಲಿ ಹುಗಿದು ಬಂದ. ಅವಳು ಬಾಗಿಲು ಹಿಡಿದು ನಿಂತಿದ್ದಳು. ಒಂಬತ್ತನೆಯದೋ ಹತ್ತನೆಯದೋ ಸೀಸೆ ಒಯ್ಯುವಾಗ ದಾರಿಯಲ್ಲಿ ಲಾಟೀನು ಕಂಡಿತು. ಇಬ್ಬರು ವೇಷದವರು ಬರುತ್ತಿದ್ದರು. ಒಬ್ಬರು ದೊಡ್ಡ ಬೂಟು, ಗಂಡಸಿನ ಕೋಟು ತೊಟ್ಟು ಮುಖಕ್ಕೆ ದಿಂಬಿನ ಚೀಲ ಏರಿಸಿದ್ದರು. ಇನ್ನೊಬ್ಬರದು ಹೂವಿನ ಲಂಗ, ಎದೆಗೆ ತುರುಕಿದ ದಿಂಬು, ಮುಖದ ಮೇಲೆ ಕಿಟಕಿಯ ಲೇಸು ಪರದೆ. ಲಂಗ ಬ್ಲಾಂಚಳದು ಎಂದು ಮೆಲ್ವೀನಾಗೆ ತಕ್ಷಣ ತಿಳಿಯಿತು. ಅಂದ ಮೇಲೆ ಒಳಗಿದ್ದವನು ಸೆಲ್ಬಿ.

ಇಬ್ಬರೂ ದೀಪವಿಲ್ಲದ ಮನೆಯನ್ನು ದಾಟಿ ಹೋಗುವವರೇ ಇದ್ದರು. ಅಂಗಳದಲ್ಲಿ ಪಾತ್ರೆ ಹೊತ್ತು ನಿಂತ ಆಕೃತಿಯನ್ನು ನೋಡಿ ಗಕ್ಕನೆ ನಿಂತರು. ವೇಷದವರು ಉಸಿರನ್ನು ಒಳಗೆಳೆದುಕೊಳ್ಳುತ್ತ ಮಾತಾಡಬೇಕು, ಆಗ ದನಿಯ ಗುರುತು ಸಿಗುವುದಿಲ್ಲ.

"ಯಾರಪ್ಪಾ ಇದು?" ಲಂಗದವನು ಉಸಿರೆಳೆದು ಕೇಳಿದ. "ಇಂಥಾ ವೇಷ ಯಾವ ವರ್ಷಾನೂ ನಾವು ನೋಡಿಲ್ಲ."

ಗಾರ್ಲೆಂಡ್ ಕೌದಿಯಲ್ಲಿ ಸೀಸೆ ಅಪ್ಪಿಕೊಂಡು ನಿಂತೇ ಇದ್ದ. ನಾಲ್ಕು ಹೆಜ್ಜೆ ಇಟ್ಟರೆ ಬಾಗಿಲು. ಒಳಗೆ ಬಂದು ಚಿಲಕ ಹಾಕಿದರೆ ಮುಗಿಯಿತು. ಜನವರಿ ಏಳಕ್ಕೆ ಹಡಗು ಹೊರಟುಹೋಗುತ್ತದೆ. ಬರಬೇಡ, ಬರಬೇಡ, ಅಲ್ಲೇ ನಿಲ್ಲು ಎಂದು ಮೆಲ್ವೀನಾ ಗಂಡನನ್ನು ಮನಸ್ಸಿನಲ್ಲೇ ಬೇಡಿಕೊಂಡಳು.

ಮಫ್ಲರಿನ ಒಳಗಿಂದ ಉಸಿರೆಳೆದ ದನಿ ಬಂತು. "ಗುರುತು ಹಿಡೀರಿ ನೋಡೋಣ."

ಸೆಲ್ಬಿ ಲಾಟೀನು ಎತ್ತಿ ಅವನ ಸುತ್ತ ಒಂದು ಸುತ್ತು ಬಂದ. ಬಲಗಡೆಯ ಮೊಣಕೈ ಹತ್ತಿರ ನಿಂತ. ಆ ಹಳದಿ ಅಂಗಿಗೆ ಅಲ್ಲಿ ಕೆಂಪು ರಬ್ಬರಿನ ತೇಪೆ ಇತ್ತು. ಹಿಂದೊಮ್ಮೆ ದೋಣಿಯಲ್ಲೇ ಕೂತು ತನ್ನ ಹರಿದ ಬೂಟನ್ನು ಕತ್ತರಿಸಿ ಅದನ್ನು ಅಂಟಿಸಿದವನು ಸೆಲ್ಬಿಯೇ. ಅವನ ಹೆಬ್ಬೆರಳು ಆ ತೇಪೆಯ ಮೇಲೆ ಒಂದು ಗಳಿಗೆ ಇದ್ದದ್ದನ್ನು ಮೆಲ್ವೀನಾ ಕಂಡಳು.

"ಅಂಗಡಿ ಸೈಮನ್ನಾ?" ಎಂದು ಕೇಳಿದ ಸೆಲ್ಬಿ.

ಪಾತ್ರೆ ಅಲ್ಲ ಎಂದು ಅಲ್ಲಾಡಿತು.

"ಪಾದ್ರಿಯೋರು ಏನಾದ್ರೂ?"

ಪಾತ್ರೆ ಮತ್ತೆ ಅಲ್ಲಾಡಿತು. ದಿಂಬಿನ ಚೀಲದೊಳಗೆ ಬ್ಲಾಂಚ್ ಕಿಸಕ್ಕೆಂದಳು.

"ಗಾರ್ಲೆಂಡ್ ಅಂತೂ ಅಲ್ಲ," ಅಂದ ಸೆಲ್ಬಿ. ಈಗ ಅವನು ಉಸಿರೆಳೆದು ಆಡುವುದನ್ನು ಮರೆತಿದ್ದ, ಸ್ವಂತ ದನಿಯಲ್ಲೇ ಹೇಳುತ್ತಿದ್ದ. "ಅವನು ಹೊರಗೆ ಬರೋದನ್ನ ಬಿಟ್ಟು ತುಂಬಾ ದಿನ ಆಯ್ತು. ಇಪ್ಪತ್ತಾರು ವರ್ಷ ಅವನ ಜೊತೆ ಒಂದೇ ದೋಣೀಲಿದ್ದೆ. ಅವನು ಇದ್ದಿದ್ರೆ ಬಾಗಿಲಲ್ಲಿ ದೀಪ ಇರ್ತಿತ್ತು."

ಗಾರ್ಲೆಂಡ್ ಬಗ್ಗಿ ಸೀಸೆಯನ್ನು ಹಿಮದಲ್ಲಿ ಇಟ್ಟ. ಪಾತ್ರೆ ತೆಗೆದ. ಕನ್ನಡಕ ತೆಗೆದ. ಮಫ್ಲರನ್ನು ಬಿಚ್ಚಿದ. ಗುರುತು ಹಿಡಿಯುವ ಮೊದಲೇ ಮುಖ ತೆರೆದುಕೊಂಡ ವೇಷದವನನ್ನು ಆ ಊರು ಅದುವರೆಗೆ ಕಂಡಿರಲಿಲ್ಲ.

"ನಾನೇ ಕಣೋ, ಸೆಲ್ಬಿ."

ಸೆಲ್ಬಿ ಲೇಸಿನ ಪರದೆಯನ್ನು ಮೇಲಕ್ಕೆ ಸರಿಸಿದ. "ಗೊತ್ತು, ಸ್ಕಿಪ್ಪರ್," ಅಂದ, ದೋಣಿಯ ಯಜಮಾನನನ್ನು ಕರೆಯುವ ಹಳೆಯ ರೂಢಿಯಲ್ಲಿ.

"ನೀವು ಪೆಟ್ಟಿಗೆ ಕಟ್ಟೋದು ಕಿಟಕೀಲಿ ಕಂಡೆ. ಹೋಗ್ತೀಯಲ್ಲ."

"ಏಳನೇ ತಾರೀಕು."

"ನನಗೆ ಹೇಳಲಿಲ್ಲ."

"ದೀಪ ಇರಲಿಲ್ಲ."

ಗಾರ್ಲೆಂಡ್ ತಲೆ ತಗ್ಗಿಸಿದ. ಆಮೇಲೆ ಬಾಗಿಲ ಕಡೆ ತಿರುಗಿದ. "ಮೆಲ್ವೀನಾ, ನನ್ನ ಪೆಟ್ಟಿಗೇಲಿ ಒಂದು ಕಾಲುಚೀಲ..."

ಅಷ್ಟರಲ್ಲಿ ಅವಳು ಒಳಗೆ ಓಡಿಯಾಗಿತ್ತು. ಕಾಲುಚೀಲ, ಸ್ಟೂಲು ಎರಡನ್ನೂ ತಂದಳು. ಹೂವಿನ ಲಂಗ ತೊಟ್ಟ ಸೆಲ್ಬಿ ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡ, ಗಾರ್ಲೆಂಡ್ ಹತ್ತಿ ಬಲ್ಬು ತಿರುಗಿಸಿದ. ಅವಳು ಒಳಗಿಂದ ಸ್ವಿಚ್ಚು ಒತ್ತಿದಳು. ಅಂಗಳದ ಹಿಮವೆಲ್ಲ ಹಳದಿಯಾಯಿತು. ಒಳಗೆ ಮತ್ತೊಂದು ಸೀಸೆ ಢಮ್ ಎಂದಿತು.

"ಏನದು?" ಬ್ಲಾಂಚ್ ಬೆಚ್ಚಿಬಿದ್ದಳು.

"ನಮ್ಮ ಬಿಯರು," ಅಂದಳು ಮೆಲ್ವೀನಾ. "ಗಂಡ ಹೆಂಡತಿ ಸೇರಿ ಮಾಡಿದ್ದು."

ಮೂವತ್ತರಲ್ಲಿ ಹತ್ತೊಂಬತ್ತು ಉಳಿದವು. ತಣ್ಣಗಾದ ಮೇಲೂ ಮುಚ್ಚಳ ತೆಗೆದರೆ ಅರ್ಧ ಸೀಸೆ ನೊರೆಯಾಗಿ ಉಕ್ಕುತ್ತಿತ್ತು. ಅದನ್ನೂ ಚೆಲ್ಲಬಾರದೆಂದು ಮೆಲ್ವೀನಾ ಉಪ್ಪು ಮಾಂಸದ ಬಕೆಟ್ಟಿನ ಮೇಲೆ ಹಿಡಿದು ತೆಗೆದಳು. ಸೆಲ್ಬಿ ಮೀಸೆಗೆಲ್ಲ ಬಿಳಿ ಮೆತ್ತಿಕೊಂಡು, "ಇದನ್ನ ಕುಡಿಯೋದೋ, ಕೆನ್ನೆಗೆ ಹಚ್ಕೊಂಡು ಕ್ಷೌರ ಮಾಡ್ಕೊಳ್ಳೋದೋ?" ಎಂದು ಕೇಳಿದ. ಗಾರ್ಲೆಂಡ್ ನಕ್ಕ. ಮೆಲ್ವೀನಾ ಆ ನಗುವನ್ನು ನೋಡಿ ಸುಮ್ಮನೆ ಎದ್ದು ಹೋಗಿ ಒಲೆಗೆ ಬೇಡದಿದ್ದರೂ ಒಂದು ಸೌದೆ ಹಾಕಿ ಬಂದಳು. ಬಂದರಿನ ಆಚೆ ದಡದವರಿಗೆ ದೀಪ ಕಂಡಿತು. ಏಳು ಗಂಟೆಯ ಹೊತ್ತಿಗೆ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬೊಬ್ಬರಿಗೆ ಸಿಕ್ಕಿದ್ದು ಎರಡು ಗುಟುಕು. ಕಡಿಮೆಯಾಯಿತು ಎಂದು ಯಾರೂ ಅನ್ನಲಿಲ್ಲ. ಮುಂದಿನ ದಿನಗಳಲ್ಲಿ ಸೆಲ್ಬಿ ಪ್ರತಿ ಸಂಜೆ ಬಂದ, ವೇಷವಿಲ್ಲದೆ. ಇಬ್ಬರೂ ಒಲೆಯ ಮುಂದೆ ಕೂತು, ಹಿಮದಲ್ಲಿ ಇನ್ನೂ ಉಳಿದಿದ್ದ ಸೀಸೆಗಳಲ್ಲಿ ದಿನಕ್ಕೊಂದನ್ನು ಹಂಚಿಕೊಂಡರು.

ಏಳನೆಯ ತಾರೀಕು ಬೆಳಗ್ಗೆ, ಇನ್ನೂ ಕತ್ತಲಿರುವಾಗ, ಹಡಗು ಹೊರಟಿತು. ಗಾರ್ಲೆಂಡ್ ಕಟ್ಟೆಗೆ ಹೋಗಿ ಅವರ ಪೆಟ್ಟಿಗೆಗಳನ್ನು ಹತ್ತಿಸಿ ಬಂದ. ಬಂದವನು ಕೋಟು ಬಿಚ್ಚದೆ ಕಿಟಕಿಯ ಬಳಿ ನಿಂತ. ಮೆಲ್ವೀನಾ ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಿ ಕಲಕಿ ಅವನ ಕೈಗೆ ಕೊಟ್ಟಳು. ಕ್ರಿಸ್‌ಮಸ್ ಮುಗಿದಿತ್ತು, ಇನ್ನು ಬಾಗಿಲ ದೀಪ ದಂಡ ಎಂದು ಆರಿಸಲು ಹೋದಳು.

"ಇರಲಿ ಕಣೇ," ಅಂದ ಗಾರ್ಲೆಂಡ್, ನೀರಿನ ಮೇಲಿನ ಕಣ್ಣು ತೆಗೆಯದೆ. "ಬಂದರಿನ ಬಾಯಿ ದಾಟೋವರೆಗೂ ಅವನಿಗೆ ಕಾಣ್ತದೆ."

ಮೆಲ್ವೀನಾ ಸ್ವಿಚ್ಚಿನ ಮೇಲಿಂದ ಕೈ ತೆಗೆದು, ಬಂದು ಅವನ ಪಕ್ಕದಲ್ಲಿ ನಿಂತಳು.